ಹುಟ್ಟಿನ ಅಳತೆ ಕೂತೇ ಆಗಬೇಕು

ಕಯಾಕಿಗೆ ಹುಟ್ಟು ಕೊಳ್ಳಲು ಹೋದವರಿಗೆ ಇವತ್ತಿಗೂ ಒಂದು ಹಳೇ ಸಲಹೆ ಸಿಗುತ್ತದೆ. ಹುಟ್ಟನ್ನು ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ನಿಂತು ಕೈಯನ್ನು ಮೇಲಕ್ಕೆ ಚಾಚಬೇಕು. ಬೆರಳುಗಳು ಮೇಲಿನ ಬ್ಲೇಡಿನ ತುದಿಗೆ ಕೊಕ್ಕೆ ಹಾಕುವಂತಿದ್ದರೆ ಅದೇ ಸರಿಯಾದ ಅಳತೆ. ಕೇಳುವುದಕ್ಕೆ ಸಲೀಸಾಗಿದೆ, ಮಾರುವವರಿಗೂ ಕೆಲಸ ಬೇಗ ಮುಗಿಯುತ್ತದೆ. ಆದರೆ ಕಯಾಕಿನಲ್ಲಿ ಯಾರೂ ನಿಂತು ಹುಟ್ಟು ಹಾಕುವುದಿಲ್ಲ. ಕಾಲು ಚಾಚಿ ಕೂತ ಮೇಲೆ ಕಾಲು ಎಷ್ಟು ಉದ್ದವಿದ್ದರೂ ಹುಟ್ಟಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸೀಟಿನಿಂದ ಭುಜದವರೆಗಿನ ಎತ್ತರ, ತೋಳಿನ ಉದ್ದ, ದೋಣಿಯ ಅಗಲ, ಸೀಟು ನೀರಿನಿಂದ ಎಷ್ಟು ಮೇಲಿದೆ ಎಂಬುದು, ಇಷ್ಟನ್ನು ನೋಡಬೇಕು. ಆರಡಿ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇದ್ದರೆ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಹುಟ್ಟು. ನೀರಿನಲ್ಲಿ ಇಬ್ಬರಿಗೂ ಅದೇ ಸರಿಹೋಗುವುದು ಅನುಮಾನ.

ಕಂಪನಿಗಳು ಕೊಡುವ ಅಳತೆ ಪಟ್ಟಿ ಇದಕ್ಕಿಂತ ವಾಸಿ. ಅದರಲ್ಲಿ ಒಂದು ಕಡೆ ಆಳಿನ ಎತ್ತರ, ಇನ್ನೊಂದು ಕಡೆ ದೋಣಿಯ ಅಗಲ ಇರುತ್ತದೆ. ಎರಡೂ ಸೇರುವ ಮನೆಯಲ್ಲಿ 210 ಸೆಂ.ಮೀ. ಎಂದೋ 230 ಸೆಂ.ಮೀ. ಎಂದೋ ಉತ್ತರ ಸಿಗುತ್ತದೆ. ಆದರೂ ಹುಟ್ಟು ಹಾಕುವಾಗ ಕೋಲು ಎಷ್ಟು ಓರೆಯಾಗಿರುತ್ತದೆ ಎಂಬ ಮುಖ್ಯ ಪ್ರಶ್ನೆಯನ್ನು ಬಹಳಷ್ಟು ಪಟ್ಟಿಗಳು ಕೇಳುವುದೇ ಇಲ್ಲ. ಮೇಲಿನ ಕೈ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬಂದು, ಬ್ಲೇಡು ದೋಣಿಯ ಮಗ್ಗುಲಿಗೇ ಇಳಿಯುವ ರೀತಿಗೆ ಹೈ ಆ್ಯಂಗಲ್ ಎನ್ನುತ್ತಾರೆ. ಮೇಲಿನ ಕೈ ಎದೆಯ ಮಟ್ಟದಲ್ಲೇ ಉಳಿದು, ಕೋಲು ಅರೆ ಮಲಗಿದಂತೆ ಸಾಗುವುದು ಲೋ ಆ್ಯಂಗಲ್. ಮೊದಲನೆಯದಕ್ಕೆ ಗಿಡ್ಡ ಕೋಲು, ಅಗಲ ಬ್ಲೇಡು. ಎರಡನೆಯದಕ್ಕೆ ಉದ್ದ ಕೋಲು, ನೀಳವಾದ ಬ್ಲೇಡು. 60 ಸೆಂ.ಮೀ. ಒಳಗಿನ ಅಗಲದ ಸಮುದ್ರ ಕಯಾಕಿನಲ್ಲಿ ಮೊದಲ ರೀತಿಯವರು 205ರಿಂದ 215 ಸೆಂ.ಮೀ., ಎರಡನೆಯ ರೀತಿಯವರು 220ರಿಂದ 230 ಸೆಂ.ಮೀ. ಹುಟ್ಟು ಹಿಡಿಯುತ್ತಾರೆ. ಬಂಡೆಗಳ ನಡುವೆ ಧುಮುಕುವ ಹೊಳೆಯಲ್ಲಿ ಇಳಿಯುವವರು 190–200ಕ್ಕೇ ನಿಲ್ಲುತ್ತಾರೆ. ಆಳು ಅದೇ, ದೋಣಿ ಅದೇ ಇದ್ದರೂ ರೀತಿ ಬದಲಾದರೆ ಅಳತೆ ಅರ್ಧ ಗೇಣಿಗಿಂತ ಹೆಚ್ಚು ಹಿಂದುಮುಂದಾಗುತ್ತದೆ. ಹಾಗಾಗಿ ಹುಟ್ಟು ಕೊಂಡು ಆಮೇಲೆ ಕಲಿಯುವ ಈಗಿನ ರೂಢಿ ತಲೆಕೆಳಗು. ಮೊದಲು ಕೈ ಒಂದು ರೀತಿಗೆ ಕೂರಬೇಕು, ಆಮೇಲೆ ಅಳತೆ.

ಸಾಲಿಗ್ರಾಮದ ಸೀತಾ ನದಿಯ ಹಿನ್ನೀರಿನಲ್ಲಿ, ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಪ್ರವಾಸಿಗರಿಗೆ ಸಿಗುವುದು ಬಹುಮಟ್ಟಿಗೆ ಮೇಲೆ ಕೂರುವ, ಅಗಲವಾದ ಪ್ಲಾಸ್ಟಿಕ್ ಕಯಾಕ್. 75 ಸೆಂ.ಮೀ. ದಾಟುವ ಇಂಥ ದೋಣಿಗೆ 230–240 ಸೆಂ.ಮೀ. ಹುಟ್ಟು ತಪ್ಪಲ್ಲ, ಅದಕ್ಕಿಂತ ಗಿಡ್ಡವಾದರೆ ಒಂದೊಂದು ಸಲವೂ ಪಕ್ಕಕ್ಕೆ ಬಾಗಬೇಕು, ಮುಂಗೈ ದೋಣಿಯಂಚಿಗೆ ಉಜ್ಜುತ್ತದೆ. ಎಡವಟ್ಟಾಗುವುದು, ಅಲ್ಲಿ ಕಲಿತವರು ಮುಂದೆ ತೆಳ್ಳನೆಯ ಕಯಾಕ್ ಕೊಂಡು ಹುಟ್ಟು ಮಾತ್ರ ಅದೇ ಅಳತೆಯದು ತಂದಾಗ.

ಪರೀಕ್ಷೆ ಕಷ್ಟದ್ದೇನಲ್ಲ. ದೋಣಿಯಲ್ಲಿ ಕೂತು, ನಿಧಾನವಾಗಿ ಹುಟ್ಟು ಹಾಕುತ್ತ, ಬ್ಲೇಡು ನೀರಿನಲ್ಲಿ ಇರುವಾಗ ನೋಡಬೇಕು. ಬ್ಲೇಡು ಪೂರ್ತಿ ಮುಳುಗಿ, ಅದು ಕೋಲಿಗೆ ಸೇರುವ ಜಾಗ ನೀರಿನ ಮೇಲೆಯೇ ಉಳಿದರೆ ಅಳತೆ ಸರಿ. ಕೋಲೂ ಗೇಣುದ್ದ ಮುಳುಗಿದರೆ ಹುಟ್ಟು ಉದ್ದವಾಯಿತು. ಎಷ್ಟೇ ಚಾಚಿದರೂ ಬ್ಲೇಡಿನ ಕಾಲು ಭಾಗ ಹೊರಗೇ ಉಳಿದರೆ ಗಿಡ್ಡವಾಯಿತು.

ಮೈಯಿಂದಲೇ ಅಳೆಯುವುದಾದರೆ ಅದನ್ನು ಹೇಗೆ ಮಾಡಬೇಕೆಂದು ಗ್ರೀನ್‌ಲ್ಯಾಂಡಿನ ಇನುಯಿಟ್ ಬೇಟೆಗಾರರಿಗೆ ಗೊತ್ತಿತ್ತು. ಒಂದು ಮಾರು, ಅದರ ಮೇಲೊಂದು ಮೊಳ: ಅವರ ಹುಟ್ಟಿನ ಉದ್ದದ ವಾಡಿಕೆಯ ಲೆಕ್ಕ ಹೆಚ್ಚುಕಡಿಮೆ ಇಷ್ಟು. ಕೈ ಹಿಡಿಯುವ ನಡುಭಾಗ ಭುಜದಗಲದ ಆಸುಪಾಸು. ಬ್ಲೇಡಿನ ಅಗಲ ಬೆರಳು ಹೆಬ್ಬೆರಳ ನಡುವೆ ಹಿಡಿಸುವಷ್ಟು, ಅಂದರೆ 8–9 ಸೆಂ.ಮೀ. ಈ ಲೆಕ್ಕದಲ್ಲಿ ತೋಳಿದೆ, ಭುಜವಿದೆ, ಅಂಗೈಯಿದೆ. ಕಾಲು ಎಲ್ಲೂ ಬರುವುದಿಲ್ಲ. ಮರವೇ ಅಪರೂಪವಾದ ಆ ನೆಲದಲ್ಲಿ ಸೈಬೀರಿಯಾದ ನದಿಗಳಿಂದ ಕಡಲಿಗೆ ಬಿದ್ದು, ಹಿಮದ ಜತೆ ತೇಲಿಬಂದ ದಿಮ್ಮಿಗಳೇ ಹುಟ್ಟಾದವು. ಮಂಜುಗಡ್ಡೆಗೆ ತಾಗಿ ತುದಿ ಸವೆಯದಿರಲೆಂದು ಮೂಳೆಯ ಅಂಚು ಕೂರಿಸುತ್ತಿದ್ದರು. ಮರದ ಬಡತನದಿಂದಲೇ ಬ್ಲೇಡು ಕಿರಿದಾಯಿತು ಎನ್ನುವವರಿದ್ದಾರೆ. ಆ ಮಾತು ಪೂರ್ತಿ ನಿಲ್ಲುವುದಿಲ್ಲ. 80 ಸೆಂ.ಮೀ. ಉದ್ದ, ಸರಾಸರಿ 8 ಸೆಂ.ಮೀ. ಅಗಲದ ಬ್ಲೇಡೆಂದರೆ 640 ಚದರ ಸೆಂ.ಮೀ. ಆಯಿತು. ಇವತ್ತಿನ ಫೈಬರ್ ಬ್ಲೇಡುಗಳೂ ಬಹುತೇಕ 600ರಿಂದ 720ರ ಒಳಗೇ ಇವೆ. ಅಗಲದಲ್ಲಿ ಬಿಟ್ಟದ್ದನ್ನು ಉದ್ದದಲ್ಲಿ ಪಡೆದುಕೊಂಡ ಹುಟ್ಟು ಅದು.

ಹಾಗೆ ಪಡೆದುಕೊಂಡದ್ದರಿಂದ ಅದರ ಗುಣವೂ ಬೇರೆಯಾಯಿತು. ನೀರು ಸಿಕ್ಕ ಕೂಡಲೇ ಅಗಲ ಬ್ಲೇಡು ಭುಜಕ್ಕೆ ಕೊಡುವ ಧಕ್ಕೆ ಇದರಲ್ಲಿ ಇಲ್ಲ. ಭಾರ ನಿಧಾನವಾಗಿ ಬರುತ್ತದೆ. ದಿನವಿಡೀ ಸಾಗುವವರಿಗೆ, ಸದ್ದಿಲ್ಲದೆ ಸೀಲ್ ಬೇಟೆಗೆ ಹೋಗುವವರಿಗೆ ಬೇಕಾದದ್ದೂ ಅದೇ. ಬುಡಮೇಲಾದ ಕಯಾಕನ್ನು ಎಬ್ಬಿಸುವಾಗ ಹಗುರ ಮರ ತಾನಾಗಿ ಮೇಲಕ್ಕೆ ಬರಲು ನೋಡುತ್ತದೆ, ಜಾರಿಸಿ ಎಲ್ಲಿ ಬೇಕಾದರೂ ಹಿಡಿಯಬಹುದು. ಗ್ರೀನ್‌ಲ್ಯಾಂಡಿನ ಸ್ಪರ್ಧೆಗಳಲ್ಲಿ ಮಗುಚಿ ಏಳುವ ಬಗೆಗಳೇ ಮೂವತ್ತಕ್ಕೂ ಹೆಚ್ಚಿವೆ. ದೋಷ ಇಲ್ಲದಿಲ್ಲ. ನೇರವಾಗಿ ಎಳೆದರೆ ಈ ಬ್ಲೇಡು ನೀರಿನಲ್ಲಿ ನಡುಗುತ್ತದೆ. ಮೇಲಂಚನ್ನು ತುಸು ಮುಂದಕ್ಕೆ ವಾಲಿಸಿ ಹಿಡಿದರೆ ಮಾತ್ರ ಸುಮ್ಮನಾಗುತ್ತದೆ. ಆ ವಾಲು ಕೈಗೆ ಬರುವ ಮುಂಚೆಯೇ ಇದರಿಂದ ವೇಗ ಬರುವುದಿಲ್ಲವೆಂದು ಮೂಲೆಗೆ ಎಸೆಯುವವರಿದ್ದಾರೆ, ಅದು ಅನ್ಯಾಯ. ಅಂದ ಹಾಗೆ, ಗಂಟಿಲ್ಲದ, ನೇರ ಎಳೆಯ ಹಗುರ ಮರ ಸಿಕ್ಕರೆ ನುರಿತ ಬಡಗಿ ಇದನ್ನು ಧಾರಾಳವಾಗಿ ಕೆತ್ತಿಕೊಡಬಲ್ಲ. ಕಯಾಕಿನ ಜಗತ್ತಿನಲ್ಲಿ ಹೀಗೆ ಮನೆ ಪಕ್ಕದಲ್ಲೇ ಮಾಡಿಸಿಕೊಳ್ಳಬಹುದಾದ ಸಾಮಾನು ಬಲು ಕಡಿಮೆ.

ಇನ್ನೊಂದು ತುದಿಯಲ್ಲಿದೆ ವಿಂಗ್ ಪ್ಯಾಡಲ್. 1980ರ ದಶಕದಲ್ಲಿ ಸ್ವೀಡನ್ನಿನವರು ಕಂಡುಕೊಂಡದ್ದು ಇದು. ನಾರ್ವೆಯ ಐನಾರ್ ರಾಸ್ಮುಸೆನ್ ಮುಂದೆ ಅದಕ್ಕೆ ತಿರುಚಿದ ಆಕಾರ ಕೊಟ್ಟರು. ಬ್ಲೇಡಿನ ಒಂದಂಚು ಒಳಕ್ಕೆ ಸುರುಳಿಯಾಗಿ, ಅಡ್ಡ ಕೊಯ್ದರೆ ವಿಮಾನದ ರೆಕ್ಕೆಯಂತೆ ಕಾಣುತ್ತದೆ. ಸಾಮಾನ್ಯ ಬ್ಲೇಡು ನೀರನ್ನು ಹಿಂದಕ್ಕೆ ತಳ್ಳುತ್ತದೆ, ತಳ್ಳುತ್ತ ತಾನೂ ಹಿಂದಕ್ಕೆ ಜಾರುತ್ತದೆ. ಆ ಜಾರಿದಷ್ಟೂ ನಷ್ಟ. ವಿಂಗ್ ಬ್ಲೇಡು ದೋಣಿಯ ಮಗ್ಗುಲಲ್ಲಿ ಇಳಿದು ಓರೆಯಾಗಿ ಹೊರಕ್ಕೆ ಸರಿಯುತ್ತದೆ, ಕದಡದ ಹೊಸ ನೀರು ಅದಕ್ಕೆ ಸಿಗುತ್ತಲೇ ಇರುತ್ತದೆ, ಹಿಂದಕ್ಕೆ ಜಾರುವುದು ಕಡಿಮೆಯಾಗುತ್ತದೆ. ಕೆಲವೇ ವರ್ಷಗಳಲ್ಲಿ ನೇರ ಓಟದ ಸ್ಪರ್ಧೆಗಳಿಂದ ಹಳೆಯ ಬ್ಲೇಡು ಮಾಯವಾಯಿತು. ಅಲ್ಲಿ ಚೂರುಪಾರಿಗೂ ಬೆಲೆಯಿದೆ: 1988ರ ಸೋಲ್ ಒಲಿಂಪಿಕ್ಸ್‌ನ 1000 ಮೀಟರ್ ಒಂಟಿ ಕಯಾಕ್ ಸ್ಪರ್ಧೆಯಲ್ಲಿ ಅಮೆರಿಕದ ಗ್ರೆಗ್ ಬಾರ್ಟನ್ ಆಸ್ಟ್ರೇಲಿಯಾದ ಗ್ರಾಂಟ್ ಡೇವಿಸ್ ಅವರನ್ನು ಸೋಲಿಸಿದ್ದು 0.005 ಸೆಕೆಂಡಿನಿಂದ.

ಆದರೆ ಹವ್ಯಾಸಕ್ಕೆ ಕಯಾಕ್ ಹತ್ತುವವರಿಗೆ ವಿಂಗ್ ಮಾರುವುದು ಸರಿಯಲ್ಲ. ಅದಕ್ಕೆ ಗೊತ್ತಿರುವುದು ಮುಂದಕ್ಕೆ ಹೋಗುವುದೊಂದೇ. ದೋಣಿ ವಾಲಿದಾಗ ಬ್ಲೇಡಿನ ಬೆನ್ನನ್ನು ನೀರಿಗೆ ಒತ್ತಿ ಸಾವರಿಸಿಕೊಳ್ಳುವುದು, ಪಕ್ಕಕ್ಕೆ ಎಳೆದುಕೊಳ್ಳುವುದು, ಹಿಂದಕ್ಕೆ ಹಾಕುವುದು, ಇವೆಲ್ಲ ಅದರಲ್ಲಿ ಹೊಸಬರನ್ನು ಬೀಳಿಸುವ ಪಟ್ಟುಗಳು. ಹಿನ್ನೀರಿನ ಕಾಂಡ್ಲಾ ಸಂದಿಯಲ್ಲಿ ದೋಣಿ ತಿರುಗಿಸಬೇಕಾದವರಿಗೆ ಅದು ಬೇಡ.

ಉಳಿಯುವುದು ನಡುವಿನದು: ತುಸು ಬಾಗಿದ, ಒಂದಂಚು ಉದ್ದ ಒಂದಂಚು ಗಿಡ್ಡ ಇರುವ ಸಾಮಾನ್ಯ ಬ್ಲೇಡು. ಓರೆಯಾಗಿ ನೀರಿಗಿಳಿದಾಗ ಮೇಲೂ ಕೆಳಗೂ ಒತ್ತಡ ಸಮನಾಗಲೆಂದು ಈ ಆಕಾರ. ನಡುವೆ ಒಂದು ದಿಂಡು ಇದ್ದರೆ ನೀರು ಎರಡೂ ಕಡೆ ಹರಿದು ಹೋಗಿ ಬ್ಲೇಡು ನಡುಗುವುದಿಲ್ಲ. ಉದ್ದನೆಯ ಅಂಚು ಮೇಲಿರಬೇಕು, ಬಾಗಿದ ಒಳಮುಖ ಹುಟ್ಟು ಹಾಕುವವರ ಕಡೆಗಿರಬೇಕು. ಬಾಡಿಗೆ ದೋಣಿಗಳನ್ನು ದಡದಲ್ಲಿ ನಿಂತು ನೋಡಿದರೆ ಇದನ್ನು ತಿರುವುಮುರುವಾಗಿ ಹಿಡಿದು ಹೋಗುವವರು ಸಾಕಷ್ಟು ಕಾಣುತ್ತಾರೆ, ಹೇಳುವವರು ಕಾಣುವುದಿಲ್ಲ. ಬ್ಲೇಡಿನ ಗಾತ್ರದಲ್ಲಿ ಆಸೆ ಪಡಬಾರದು. ದೊಡ್ಡ ಬ್ಲೇಡು ಮೊದಲ ಹತ್ತು ನಿಮಿಷ ಹುರುಪು ಕೊಡುತ್ತದೆ, ಆಮೇಲೆ ಭುಜ ಹಿಡಿಯುತ್ತದೆ.

ತೂಕದ ಬಗ್ಗೆ ಮಾರಾಟಗಾರರ ಲೆಕ್ಕವೊಂದಿದೆ. ಅಲ್ಯೂಮಿನಿಯಂ ಕೋಲಿಗೆ ಪ್ಲಾಸ್ಟಿಕ್ ಬ್ಲೇಡು ಹಾಕಿದ ಹುಟ್ಟು ಒಂದು ಕಿಲೋ ದಾಟುತ್ತದೆ, ಒಳ್ಳೆಯ ಕಾರ್ಬನ್ ಹುಟ್ಟು 650–700 ಗ್ರಾಂ. ಗಂಟೆಗೆ 3000 ಸಲ ಎತ್ತಿದರೆ ಒಂದು ಟನ್ನಿನಷ್ಟು ಭಾರ ಉಳಿಯಿತು! ಗುಣಾಕಾರ ಸರಿ, ಮಾತು ಅರ್ಧ ಸರಿ. ಕೈ ಸೋಲಿಸುವುದು ಒಟ್ಟು ತೂಕಕ್ಕಿಂತ ಹೆಚ್ಚಾಗಿ ತುದಿಯ ತೂಕ. ಅಂಗಡಿಯಲ್ಲಿ ತಕ್ಕಡಿ ನೋಡುವುದಕ್ಕಿಂತ ಹುಟ್ಟನ್ನು ನಡುವೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡುವುದು ಮೇಲು.

ಎರಡೂ ಬ್ಲೇಡುಗಳ ನಡುವಿನ ತಿರುಚು, ಫೆದರ್ ಎನ್ನುವುದು, ವಾದಕ್ಕೆ ಒಳ್ಳೆಯ ವಿಷಯ. ಒಂದು ಕಾಲಕ್ಕೆ 90 ಡಿಗ್ರಿ ಇದ್ದದ್ದು ಈಗ ಸಾಮಾನ್ಯವಾಗಿ 30–45ಕ್ಕೆ ಇಳಿದಿದೆ, ಸೊನ್ನೆ ಇಟ್ಟುಕೊಳ್ಳುವವರೂ ಬಹಳ. ಎದುರುಗಾಳಿಯಲ್ಲಿ ಮೇಲಿನ ಬ್ಲೇಡು ಗಾಳಿಯನ್ನು ಸೀಳುತ್ತದೆ, ನಿಜ. ಆದರೆ ತಿರುಚು ಹೆಚ್ಚಿದಷ್ಟೂ ಮಣಿಕಟ್ಟು ಪ್ರತಿ ಸಲ ಮಡಚಬೇಕು, ಸ್ನಾಯುರಜ್ಜು ಊದಿಕೊಳ್ಳುವುದು ಅಲ್ಲಿಂದಲೇ. ಕೀಲಿನಲ್ಲಿ ಕೋನ ಬದಲಿಸುವ ಹುಟ್ಟು ಸಿಗುವಾಗ ಸೊನ್ನೆಯಿಂದ ಶುರು ಮಾಡಿ, ಬೇಕೆನಿಸಿದರೆ ಏರಿಸಿದರಾಯಿತು.

ಬಳಸುವ ಕಲೆಗೆ ಬಂದರೆ, ಹೊಸಬರು ಬಹುಪಾಲು ಮೊಸರು ಕಡೆದ ಹಾಗೆ ಹುಟ್ಟು ಹಾಕುತ್ತಾರೆ: ಮೈ ಅಲ್ಲಾಡದು, ತೋಳು ಮಾತ್ರ ಹಿಂದಕ್ಕೂ ಮುಂದಕ್ಕೂ. ನುರಿತವರಲ್ಲಿ ತೋಳಿನ ಕೆಲಸ ಕಡಿಮೆ. ಹುಟ್ಟನ್ನು ತಲೆಯ ಮೇಲಿಟ್ಟು ಮೊಣಕೈ ಲಂಬಕೋನವಾದಾಗ ಕೈ ಎಲ್ಲಿದೆಯೋ ಅದೇ ಹಿಡಿಯುವ ಜಾಗ. ಬಲಗಡೆ ಹಾಕುವ ಮುಂಚೆ ಬಲ ಭುಜ ಮುಂದಕ್ಕೆ ತಿರುಗಿ, ಎದೆ ಎಡಕ್ಕೆ ಮುಖ ಮಾಡುತ್ತದೆ. ಬ್ಲೇಡು ಪಾದದ ನೇರಕ್ಕೆ ಇಳಿಯುತ್ತದೆ, ಪೂರ್ತಿ ಮುಳುಗುವ ತನಕ ಎಳೆತವಿಲ್ಲ. ಮುಳುಗಿದ ಮೇಲೆ ಬಲಗಾಲು ಒತ್ತುತ್ತದೆ, ಸೊಂಟದಿಂದ ಮೇಲಿನ ಮೈ ತಿರುಗಿ ನೇರವಾಗುತ್ತದೆ, ಕೈ ಬಹುತೇಕ ಚಾಚಿಕೊಂಡೇ ಅದರ ಹಿಂದೆ ಬರುತ್ತದೆ. ಸೊಂಟದ ಹತ್ತಿರ ಬರುವಾಗ ಬ್ಲೇಡು ಹೊರಗೆ. ಅಲ್ಲಿಂದಾಚೆ ಎಳೆದರೆ ನೀರನ್ನು ಮೇಲಕ್ಕೆತ್ತಿದಂತಾಗಿ ದೋಣಿಯ ಹಿಂಭಾಗ ಕುಸಿಯುತ್ತದೆ, ಮೂತಿ ಅತ್ತಿತ್ತ ಹೊರಳುತ್ತದೆ. ಮೇಲಿನ ಕೈಯ ಬೆರಳು ಸಡಿಲವಾಗಿರಬೇಕು. ಬಿಗಿ ಹಿಡಿದವರ ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಏಳುತ್ತದೆ. ಇಳಿಯುವಾಗ ಬ್ಲೇಡು ಚಪ್ಪೆಂದು ಬಡಿದು, ಹಿಂದೆ ಬಿಳಿ ನೊರೆ ಬಂದರೆ ಗಾಳಿಯನ್ನೂ ಒಳಗೆ ಎಳೆದುಕೊಂಡು ಹೋಗಿದೆ ಎಂದರ್ಥ.

ಇದನ್ನೆಲ್ಲ ಕಲಿಯಲು ಬಾಡಿಗೆಯ ಭಾರದ ಹುಟ್ಟು ಸಾಲದೇ ಎಂದು ಕೇಳಿದರೆ, ಶುರುವಿಗೆ ಸಾಕು. ಕೊಳ್ಳುವ ದಿನ ಬಂದಾಗ ಕರಾವಳಿಯ ಅಳಿವೆಗಳಿಗೆ ಫೈಬರ್‌ಗ್ಲಾಸ್ ಕೋಲಿಗೆ ನೈಲಾನ್ ಬ್ಲೇಡು ಕೂರಿಸಿದ, ಎರಡು ತುಂಡಿನ ಹುಟ್ಟು ತಕ್ಕದ್ದು. ಅಲ್ಲಿನ ಕಲ್ಲು, ಬೇರುಗಳಿಗೆ ಚಿಪ್ಪು ಅಂಟಿರುತ್ತದೆ. ಕಾರ್ಬನ್ ಬ್ಲೇಡಿನ ಅಂಚು ಅವಕ್ಕೆ ತಾಗಿ ಚಕ್ಕೆ ಏಳುತ್ತದೆ, ನೈಲಾನಿಗೆ ಗೀರು ಬೀಳುತ್ತದೆ ಅಷ್ಟೆ. ಕಾರ್ಬನ್ನಿಗೆ ಕೊಡುವ ದುಡ್ಡು ಲಿಂಗನಮಕ್ಕಿಯಂಥ ತೆರೆದ ಹಿನ್ನೀರಿನಲ್ಲಿ ದೂರ ಹೋಗುವವರಿಗೆ ಹೆಚ್ಚು ಸಾರ್ಥಕ. ಉಪ್ಪುನೀರಿನಿಂದ ಬಂದ ದಿನ ಕೀಲನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಎರಡು ತುಂಡನ್ನೂ ಬೇರೆ ಬೇರೆಯಾಗಿಯೇ ಇಡಬೇಕು. ಮರಳು ಹೊಕ್ಕು ಕಚ್ಚಿಕೊಂಡ ಕೀಲನ್ನು ಬಿಡಿಸಲು ಆಚೆ ಈಚೆ ಒಬ್ಬೊಬ್ಬರು ನಿಂತು ಎಳೆಯಬೇಕಾಗುತ್ತದೆ, ಅಷ್ಟಾದರೂ ಬರುತ್ತದೆಂಬ ಖಾತ್ರಿಯಿಲ್ಲ.