ಮಿರಗದ ಮಳೆ ಮತ್ತು 150 ವರ್ಷಗಳ ಪ್ರಶ್ನೆ

ಹವಾಮಾನ ಬದಲಾವಣೆಯ ಬಗ್ಗೆ ಭಾರತೀಯರ ಅಭಿಪ್ರಾಯ ಏನೆಂಬ ಚರ್ಚೆ ಬಂದಾಗಲೆಲ್ಲ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಿಂದ ನಡೆಸಿಕೊಂಡು ಬಂದಿರುವ ಸಮೀಕ್ಷೆಗಳನ್ನು ಮುಂದಿಡುವುದು ವಾಡಿಕೆಯಾಗಿದೆ. ಸಿ-ವೋಟರ್ ಸಂಸ್ಥೆಯೊಂದಿಗೆ 2021ರ ಅಕ್ಟೋಬರ್‌ನಿಂದ 2022ರ ಜನವರಿಯವರೆಗೆ 4,619 ವಯಸ್ಕರನ್ನು ದೂರವಾಣಿಯ ಮೂಲಕ ಮಾತನಾಡಿಸಿದಾಗ, ಭೂತಾಪ ಏರಿಕೆಯ ಬಗ್ಗೆ ಅಲ್ಪಸ್ವಲ್ಪ ಮಾತ್ರ ಗೊತ್ತು ಅಥವಾ ಕೇಳಿಯೇ ಇಲ್ಲ ಎಂದವರು ಶೇ 54ರಷ್ಟಿದ್ದರು. ಆದರೆ ಕಳೆದ 150 ವರ್ಷಗಳಲ್ಲಿ ಜಗತ್ತಿನ ಸರಾಸರಿ ಉಷ್ಣಾಂಶ ಏರುತ್ತ ಬಂದಿದೆ ಎಂಬ ಚಿಕ್ಕ ವಿವರಣೆ ಕೊಟ್ಟ ಮೇಲೆ, ಅದು ನಡೆಯುತ್ತಿದೆ ಎಂದು ಶೇ 84 ಮಂದಿ ಒಪ್ಪಿದರು. ಈ ಒಪ್ಪಿಗೆ ಯಾವುದಕ್ಕೆ ಸಂದದ್ದು, ಆ ವಿವರಣೆಗೋ ಅಥವಾ ಅವರವರು ಕಂಡುಂಡ ಮಳೆಗಾಲಕ್ಕೋ ಎಂಬುದನ್ನು ಅಂಕಿಗಳು ಹೇಳುವುದಿಲ್ಲ.

ತೊಡಕು ಭಾಷೆಯಿಂದಲೇ ಶುರುವಾಗುತ್ತದೆ. ಶಾಲಾಪುಸ್ತಕಗಳು ದಿನದಿನದ ವಾತಾವರಣದ ಸ್ಥಿತಿಯನ್ನು ಹವಾಮಾನವೆಂದೂ ದಶಕಗಳ ಸರಾಸರಿಯನ್ನು ವಾಯುಗುಣವೆಂದೂ ಬೇರ್ಪಡಿಸುತ್ತವೆ. ಪತ್ರಿಕೆಗಳು ಮಾತ್ರ ಎರಡಕ್ಕೂ ಹವಾಮಾನವೆಂದೇ ಬರೆಯುತ್ತ ಬಂದಿದ್ದರಿಂದ, ‘ಹವಾಮಾನ ಬದಲಾವಣೆ’ ಎಂದರೆ ನಿನ್ನೆ ಬಿಸಿಲಿತ್ತು ಇಂದು ಮೋಡವಿದೆ ಎಂಬಷ್ಟೇ ಅರ್ಥವೂ ಆಗಬಹುದು. ಬೀದರ ಜಿಲ್ಲೆಯಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಡಾಬಕಾ ಹೋಬಳಿಯಂಥ ಕಡೆ ಮರಾಠಿಯ ‘ಹವಾಮಾನ’ವೂ ಇದೇ ಗೊಂದಲವನ್ನು ಹೊತ್ತು ಬರುತ್ತದೆ. ಅಲ್ಲಿನ ಒಕ್ಕಲುತನ ಕಾಲವನ್ನು ಅಳೆಯುವುದು ಮಳೆ ನಕ್ಷತ್ರಗಳಿಂದ, ಅಂದರೆ ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗಳಿಂದ. ಜೂನ್ ಮೊದಲ ವಾರ ಕಳೆಯುತ್ತಲೇ ಕೂಡುವ ಮೃಗಶಿರಾ, ಜನರ ಬಾಯಲ್ಲಿ ಮಿರಗ, ಬಿತ್ತನೆಯ ಗಡುವು. ಮಿರಗ ಬರಿದೇ ಹೋಯಿತು ಎಂಬ ಮಾತಿನಲ್ಲಿ ವಾಡಿಕೆಯೂ ಅದರಿಂದಾದ ವಿಚಲನೆಯೂ ಒಟ್ಟಿಗೇ ಇವೆ. ಈ ಪಂಚಾಂಗವೂ ಋತುಗಳಿಂದ ಸರಿಯುತ್ತದೆಯಾದರೂ ಸುಮಾರು 72 ವರ್ಷಕ್ಕೆ ಒಂದೇ ದಿನ. ಒಂದು ತಲೆಮಾರಿನ ದೂರಿಗೆ ಅದು ಕಾರಣವಾಗಲಾರದು.

ಹಾಗೆಂದು ಜನರ ನೆನಪನ್ನೇ ಮಳೆಮಾಪಕವೆಂದು ಕೊಂಡಾಡುವುದೂ ಸಲ್ಲದು. 2011ರ ಸಮೀಕ್ಷೆಯ ಮಾಹಿತಿಯನ್ನೇ ಆಧರಿಸಿ 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮಳೆಯ ನಿಜವಾದ ಲೆಕ್ಕಕ್ಕೂ ಜನರ ಮಾತಿಗೂ ನಂಟಿದ್ದರೂ, ಪೆಟ್ಟು ತಾಳಿಕೊಳ್ಳುವ ಶಕ್ತಿ ಕಡಿಮೆ ಇರುವವರೇ ಮಳೆ ಕಡಿಮೆಯಾಗಿದೆ ಎಂದು ಹೆಚ್ಚಾಗಿ ಹೇಳುತ್ತಾರೆಂದು ತೋರಿಸಿತು. ಬೀದರಿನಲ್ಲಿ ಇದಕ್ಕೆ ಬೆಳೆಯನ್ನೂ ಸೇರಿಸಬೇಕು. ಎರೆಭೂಮಿಯಲ್ಲಿ ಹಿಂಗಾರಿ ಜೋಳ ನೆಚ್ಚಿದವನಿಗೆ ಸೆಪ್ಟೆಂಬರಿನ ಮಳೆ ನೆಲದಲ್ಲಿ ಹಸಿ ಉಳಿಸುವ ಭಾಗ್ಯವಾಗಿದ್ದರೆ, ಅದೇ ಮಳೆ ಕೊಯ್ಲಿಗೆ ಬಂದ ಸೋಯಾಬೀನಿನ ಕಾಯಲ್ಲೇ ಮೊಳಕೆ ತರಿಸಿ ಆಪತ್ತಾಗುತ್ತದೆ. ಹೊಲ ಜೋಳದಿಂದ ಸೋಯಾಕ್ಕೆ ತಿರುಗಿದಾಗ ಮಳೆಯ ಬಗೆಗಿನ ಅಭಿಪ್ರಾಯವೂ ಜೊತೆಗೇ ತಿರುಗಿತು. ಆಕಾಶ ಎಷ್ಟು ಬದಲಾಯಿತು, ಬೆಳೆ ಎಷ್ಟು ಬದಲಾಯಿತು ಎಂದು ವಿಂಗಡಿಸುವ ಪ್ರಶ್ನೆಯಿಲ್ಲದೆ ಈ ಅಭಿಪ್ರಾಯದ ಅರ್ಥ ಬಿಡಿಸಲಾಗದು.

ಪರಿಹಾರದ ನಿಯಮಗಳೂ ಮಾತನ್ನು ರೂಪಿಸುತ್ತವೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನಂಥ ಸ್ಥಳೀಯ ವಿಪತ್ತನ್ನೂ ಕೊಯ್ದಿಟ್ಟ ಬೆಳೆಯ ನಷ್ಟವನ್ನೂ 72 ಗಂಟೆಯೊಳಗೆ ತಿಳಿಸಬೇಕಾಗುತ್ತದೆ. ಹೀಗಿರುವಾಗ ರೈತ ಮಳೆಯನ್ನು ಅರ್ಜಿಯ ಅಂಕಣದಲ್ಲಿ ವಿವರಿಸುವುದನ್ನು ಕಲಿಯುತ್ತಾನೆಯೇ ಹೊರತು 150 ವರ್ಷಗಳ ಸರಾಸರಿಯಲ್ಲಿ ಅಲ್ಲ. ಪರಿಹಾರದ ಈ ಭಾಷೆ ನೀರಿನ ಕೊರತೆಯನ್ನೂ ಅತಿಯನ್ನೂ ಬರವೆಂದೇ ಕರೆಯುತ್ತದೆ. 2016ರ ಏಪ್ರಿಲ್‌ನಲ್ಲಿ ಪಕ್ಕದ ಮಹಾರಾಷ್ಟ್ರದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಬಂದಿತ್ತು. 2025ರ ಮುಂಗಾರಿನಲ್ಲಿ ಅದೇ ಮಾಂಜ್ರಾ ನದಿಯ ಸೀಮೆ ಪ್ರವಾಹಕ್ಕೆ ಸಿಕ್ಕು, ಗಡಿಯಾಚೆ ‘ಓಲಾ ದುಷ್ಕಾಳ’ ಘೋಷಿಸಬೇಕೆಂಬ ಕೂಗೆದ್ದಿತು. ಕನ್ನಡದಲ್ಲಿ ಹಸಿ ಬರ ಎನ್ನುವ ಈ ಪದ, ನೀರು ಹೆಚ್ಚಾಗಿ ಬೆಳೆ ಕೈತಪ್ಪುವುದನ್ನು ಸೂಚಿಸುತ್ತದೆ.

ಯೇಲ್‌ನ 2021–22ರ ಸಮೀಕ್ಷೆಯ ಬಲವಿರುವುದು ಕಾರಣದ ಪ್ರಶ್ನೆಯಲ್ಲಿ. ತಾಪ ಏರಿಕೆಗೆ ಮುಖ್ಯವಾಗಿ ಮನುಷ್ಯರ ಚಟುವಟಿಕೆಯೇ ಕಾರಣ ಎಂದವರು ಶೇ 57, ನಿಸರ್ಗದ ಏರುಪೇರು ಎಂದವರು ಶೇ 31. ‘ಕಾಲ ಕೆಟ್ಟಿದೆ’ ಎಂಬ ಆಡುಮಾತು ಈ ಎರಡರಲ್ಲಿ ಯಾವುದಕ್ಕೂ ಪೂರ್ತಿ ಸೇರುವುದಿಲ್ಲ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯವರೆಗೆ ಅದು ತಾನಾಗಿ ತಲುಪುವುದೂ ಇಲ್ಲ. ಹೊಲದ ಅನುಭವದ ಮಿತಿ ಇದೇ, ಮತ್ತು ಇಲ್ಲಿ ವಿಜ್ಞಾನದ ವಿವರಣೆ ಬೇಕೇ ಬೇಕು. ಆದರೆ ಶೇ 84 ಎಂಬುದನ್ನು ಡಾಬಕಾದ ಅಭಿಪ್ರಾಯವೆಂದು ಎತ್ತಿ ಆಡುವವರಿಗೆ ಆಧಾರವಿಲ್ಲ: ಇಡೀ ದೇಶಕ್ಕೆಂದು ಆಯ್ದ 4,619 ಜನರ ಮಾದರಿ ಒಂದು ಹೋಬಳಿಯ ಮಟ್ಟಿಗೆ ಏನನ್ನೂ ಹೇಳಲಾರದು.