ಹೆಸರು ಬಾಗಿಲ ಮೇಲೆ, ಪುಸ್ತಕ ಬೀಗದೊಳಗೆ

ದೆಹಲಿಯ ಓಖ್ಲಾದಲ್ಲಿರುವ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕೇಂದ್ರ ಗ್ರಂಥಾಲಯಕ್ಕೆ ಡಾ. ಝಾಕಿರ್ ಹುಸೇನರ ಹೆಸರಿದೆ. ಅವರು ಯಾರು ಅಂತ ನಮ್ಮ ಮಕ್ಕಳನ್ನು ಕೇಳಿ ನೋಡಿ. ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿ ಅಂತಾರೆ. ಕ್ವಿಜ್‌ಗೆ ಅಷ್ಟು ಸಾಕು. ಆದರೆ ಗ್ರಂಥಾಲಯಕ್ಕೆ ಅವರ ಹೆಸರು ಯಾಕೆ ಒಪ್ಪುತ್ತದೆ ಅನ್ನುವುದಕ್ಕೆ ಆ ಉತ್ತರ ಸಾಲದು.

ರಾಷ್ಟ್ರಪತಿ ಭವನದಲ್ಲಿ ಅವರಿದ್ದದ್ದು 1967ರಿಂದ 1969ರವರೆಗೆ, ಎರಡೇ ವರ್ಷ. ಜಾಮಿಯಾವನ್ನು ನಡೆಸಿದ್ದು 1926ರಿಂದ 1948ರವರೆಗೆ, 22 ವರ್ಷ. ಅದಕ್ಕೂ ಮೊದಲು ಬರ್ಲಿನ್‌ನಲ್ಲಿ ಓದುತ್ತಿದ್ದಾಗ ಅಲ್ಲಿನ ಕಾವ್ಯಾನಿ ಮುದ್ರಣಾಲಯದಲ್ಲಿ ಗಾಲಿಬನ ದೀವಾನ್ ಅಚ್ಚು ಹಾಕಿಸಿದರು. ಅಚ್ಚುಮೊಳೆ ಜೋಡಿಸಲು ತಾವೇ ಕೂತರು. ಪ್ಲೇಟೋನ 'ರಿಪಬ್ಲಿಕ್' ಅನ್ನು ಉರ್ದುವಿಗೆ ತಂದರು. 1928ರಲ್ಲಿ ಅವರೂ ಜೊತೆಗಾರರೂ 20 ವರ್ಷ ಜಾಮಿಯಾದಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿ ಮೀರಿ ಸಂಬಳ ತೆಗೆದುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟರು. ಆ ಬಡತನದಲ್ಲೇ ಜಾಮಿಯಾದ ಪ್ರಕಾಶನ ಸಂಸ್ಥೆ ಮಕ್ತಬಾ ಜಾಮಿಯಾ ಬೆಳೆಯಿತು. 1947ರ ಗಲಭೆಯಲ್ಲಿ ಅದಕ್ಕೆ ಬೆಂಕಿ ಬಿತ್ತು. 7 ಲಕ್ಷ ರೂಪಾಯಿಯ ಪುಸ್ತಕ ಬೂದಿಯಾಯಿತು. ಎಷ್ಟು ವರ್ಷಗಳ ದುಡಿಮೆ ಅದು, ನೀವೇ ಲೆಕ್ಕ ಹಾಕಿ.

ಇಂಥವರು ಮಕ್ಕಳಿಗೂ ಕಥೆ ಬರೆದರು, ಅದೂ ರುಖಯ್ಯಾ ರೆಹಾನಾ ಎಂಬ ಹೆಣ್ಣು ಹೆಸರಿನಲ್ಲಿ. ಅದರಲ್ಲಿ ಮುಖ್ಯವಾದದ್ದು 'ಅಬ್ಬೂ ಖಾನ್ ಕೀ ಬಕ್ರೀ'. ಅಲ್ಮೋಡಾದ ಒಂಟಿ ಮುದುಕ ಅಬ್ಬೂ ಖಾನ್, ಅವನ ಆಡು ಚಾಂದ್ನಿ. ಹಗ್ಗದ ಬದುಕು ಬೇಡವೆಂದು ಚಾಂದ್ನಿ ಬೆಟ್ಟಕ್ಕೆ ಓಡುತ್ತದೆ. ರಾತ್ರಿಯಿಡೀ ತೋಳದ ಜೊತೆ ಕಾದಾಡಿ ಬೆಳಗಿನ ಹೊತ್ತಿಗೆ ಸಾಯುತ್ತದೆ.

ಕಥೆಯ ಮೂಲ ಫ್ರೆಂಚ್ ಲೇಖಕ ಅಲ್ಫೋನ್ಸ್ ದೋದೆಯದು. ಅಲ್ಲಿ ಅದು ಒಬ್ಬ ಬಡ ಕವಿಗೆ ಹೇಳಿದ ಎಚ್ಚರಿಕೆ: ಸ್ವತಂತ್ರವಾಗಿರುತ್ತೇನೆ ಅಂತ ಹೊರಟರೆ ಕೊನೆಗೆ ಇದೇ ಗತಿ. ಝಾಕಿರ್ ಹುಸೇನರು ಇದನ್ನು ತಿರುಗಿಸಿಬಿಟ್ಟರು. ಮರದ ಮೇಲಿನ ಹಕ್ಕಿಗಳು ಗೆದ್ದವರು ಯಾರು ಅಂತ ವಾದ ಮಾಡುತ್ತವೆ. ಎಲ್ಲವೂ ತೋಳ ಅಂದರೆ, ಒಂದು ಮುದಿ ಹಕ್ಕಿ ಮಾತ್ರ ಚಾಂದ್ನಿ ಅನ್ನುತ್ತದೆ. ಈ ಒಂದು ಹಕ್ಕಿಯಿಂದ ಹೆದರಿಸುವ ಕಥೆ ಧೈರ್ಯ ಕೊಡುವ ಕಥೆಯಾಗಿದೆ. ನಾವು ಕನ್ನಡಿಗರು ಪುಣ್ಯಕೋಟಿಯ ಹಾಡು ಕೇಳಿ ಬೆಳೆದವರು. ಅಲ್ಲಿ ಹಸುವಿನ ಸತ್ಯಕ್ಕೆ ಹುಲಿಯ ಮನಸ್ಸೇ ಕರಗುತ್ತದೆ. ಇಲ್ಲಿ ತೋಳ ಕರಗುವುದಿಲ್ಲ. ಎದುರಿನವನು ಬದಲಾಗದಿದ್ದರೂ ನೀನು ನಿಲ್ಲಬೇಕು ಅನ್ನುವುದು ಈ ಕಥೆಯ ಕಷ್ಟದ ಪಾಠ. ನಮ್ಮ ಮಕ್ಕಳಿಗೆ ಎರಡೂ ಬೇಕು.

ನನಗೆ ಹೆಚ್ಚು ಕಾಡುವುದು ಅಬ್ಬೂ ಖಾನನ ಪಾತ್ರ. ಅವನು ಕೆಟ್ಟವನಲ್ಲ, ಆಡುಗಳ ಮೇಲೆ ಜೀವ ಇಟ್ಟವನು. ಪ್ರೀತಿಯಿಂದಲೇ ಕಟ್ಟಿಹಾಕುತ್ತಾನೆ, ಪ್ರೀತಿಯಿಂದಲೇ ಕೋಣೆಗೆ ಕೂಡುತ್ತಾನೆ. ಪುಸ್ತಕದ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವಾ? ಹಿರಿಯರ ಹೆಸರಲ್ಲಿ ಗ್ರಂಥಾಲಯ ತೆರೆಯುತ್ತೇವೆ, ಶಾಲು ಹೊದಿಸುತ್ತೇವೆ, ಫೋಟೋ ತೆಗೆಸುತ್ತೇವೆ. ಆಮೇಲೆ ಪುಸ್ತಕ ಹಾಳಾದೀತು ಅಂತ ಗಾಜಿನ ಕಪಾಟಿಗೆ ಬೀಗ ಹಾಕುತ್ತೇವೆ. ಬೆಂಕಿ ಒಂದೇ ರಾತ್ರಿಯಲ್ಲಿ ಮಾಡುವುದನ್ನು ಬೀಗ ನಿಧಾನವಾಗಿ ಮಾಡುತ್ತದೆ. ಓದುವವರಿಗೆ ಸಿಗದ ಪುಸ್ತಕ ಇದ್ದೂ ಇಲ್ಲದ್ದೇ.

ಫೆಬ್ರವರಿ 8 ಝಾಕಿರ್ ಹುಸೇನರ ಜನ್ಮದಿನ. ಆ ದಿನ ಭಾಷಣ ಇಟ್ಟುಕೊಳ್ಳಬೇಡಿ. ಮೊಹಲ್ಲಾದ ಹತ್ತು ಮಕ್ಕಳನ್ನು ಕೂರಿಸಿಕೊಂಡು ಚಾಂದ್ನಿಯ ಕಥೆ ಹೇಳಿ. ಗೆದ್ದವರು ಯಾರು ಅಂತ ಅವರನ್ನೇ ಕೇಳಿ, ಜಗಳವಾಡಲಿ ಬಿಡಿ. ಆಮೇಲೆ ಕಪಾಟಿನ ಬೀಗ ತೆಗೆದು ಒಬ್ಬೊಬ್ಬರ ಕೈಗೆ ಒಂದೊಂದು ಪುಸ್ತಕ ಕೊಟ್ಟು ಮನೆಗೆ ಕಳಿಸಿ. ಒಂದೆರಡು ಹರಿದು ಬಂದರೂ ಪರವಾಗಿಲ್ಲ.