ಚಾವಣಿಯ ನೀರು, ಬಕೆಟ್ಟಿನ ಗೊಬ್ಬರ

ಪಾಲಿಹೌಸ್ ಮಾಡಿದವರು ಫೋನ್ ಮಾಡಿದರೆ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಸಾರ್, ಕ್ಯಾಪ್ಸಿಕಂ ಹೂವಿಗೆ ಬಂದಿದೆ, ಡ್ರಿಪ್‌ನಲ್ಲಿ ಈಗ ಏನು ಬಿಡ್ಲಿ? 19 ಆಲ್ ಬಿಡ್ಲಾ, 13-0-45 ಬಿಡ್ಲಾ?” ನಾನು ತಿರುಗಿ ಕೇಳುವುದೂ ಒಂದೇ: ನಿಮ್ಮ ಬೋರ್ ನೀರಿನ ಇಸಿ ಎಷ್ಟು? ಅದಕ್ಕೆ ಬರುವ ಉತ್ತರ, “ನೀರು ಚೆನ್ನಾಗಿದೆ ಸಾರ್, ಮನೇಲಿ ಅದನ್ನೇ ಕುಡೀತೀವಿ.”

ಕುಡಿಯಲಿ, ಬೇಡ ಎಂದವರಾರು. ಆದರೆ ಗಿಡದ ಲೆಕ್ಕ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಆಳದ ಬೋರ್‌ಗಳಲ್ಲಿ ಬರುವ ನೀರು ಬೈಕಾರ್ಬೊನೇಟ್ ಹೊತ್ತುಕೊಂಡೇ ಮೇಲೆ ಬರುತ್ತದೆ. ನೀರಿನಲ್ಲಿ ಕರಗಿದ ಲವಣದ ಅಂದಾಜು ಕೊಡುವ ಅಳತೆ ಇಸಿ. ಕ್ಯಾಪ್ಸಿಕಂಗೆ 1.8ರ ಆಸುಪಾಸು ಕೊಡಬೇಕು ಎಂದುಕೊಳ್ಳಿ. ಬೋರ್ ನೀರೇ 0.9 ಇದ್ದರೆ ಅರ್ಧ ಜಾಗ ಆಗಲೇ ಭರ್ತಿ, ಅದೂ ಬಹುಪಾಲು ಗಿಡ ಕೇಳದ ಸರಕಿನಿಂದ. ಲೀಟರಿಗೆ ಒಂದು ಗ್ರಾಂ ಗೊಬ್ಬರ ಹಾಕಿದರೆ ಇಸಿ ಸುಮಾರು 1.2 ಏರುತ್ತದೆ. ಅಂದರೆ ನಮಗೆ ಉಳಿದದ್ದು ಮುಕ್ಕಾಲು ಗ್ರಾಂನಷ್ಟು ಜಾಗ. ಅಷ್ಟರಲ್ಲೇ ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಎಲ್ಲ ಹೊಂದಿಸಬೇಕು. ಇದು ಗೊತ್ತಿಲ್ಲದೆ “ಇನ್ನೊಂದು ಕೆ.ಜಿ. ಬಿಡಿ” ಎಂದು ಹೇಳುವ ಸಲಹೆಗಾರರೂ ಇದ್ದಾರೆ. ಸರಕು ಅವರ ಅಂಗಡಿಯದೇ ಆಗಿರುತ್ತದೆ ಎನ್ನುವುದು ಕಾಕತಾಳೀಯ ಇರಬಹುದು.

ಬೈಕಾರ್ಬೊನೇಟ್‌ನ ಇನ್ನೊಂದು ಚೇಷ್ಟೆ, ಬೇರಿನ ಬಳಿ ಪಿಎಚ್ ಏರಿಸುವುದು. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅಂಗಡಿಯವರು ಇಡಿಟಿಎ ಕಬ್ಬಿಣ ಕೊಡುತ್ತಾರೆ. ಅದು ಪಿಎಚ್ 6.5ರ ಆಚೆ ಹಿಡಿತ ಕಳೆದುಕೊಳ್ಳುವಂಥದ್ದು, ನಮ್ಮ ನೀರಿಗೆ ದಂಡ. ಇಡಿಡಿಎಚ್‌ಎ ನಿಲ್ಲುತ್ತದೆ, ಬೆಲೆ ಮಾತ್ರ ಕೈ ಸುಡುತ್ತದೆ. ಅದರ ಬದಲು ನೀರನ್ನೇ ಫಾಸ್ಫಾರಿಕ್ ಅಥವಾ ನೈಟ್ರಿಕ್ ಆಮ್ಲದಿಂದ 6ರ ಹತ್ತಿರಕ್ಕೆ ಇಳಿಸಿದರೆ ರಂಜಕವೋ ಸಾರಜನಕವೋ ಅದರ ಜೊತೆಗೇ ಹೋಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ನೀರಿಗೆ ಆಮ್ಲ ಸುರಿಯಿರಿ, ಆಮ್ಲಕ್ಕೆ ನೀರನ್ನಲ್ಲ.

ಆದರೆ ನನ್ನ ಮೊದಲ ಆಯ್ಕೆ ಆಮ್ಲವೂ ಅಲ್ಲ, ತಲೆಯ ಮೇಲಿನ ಚಾವಣಿ. ಎಕರೆ ಪಾಲಿಹೌಸ್ ಎಂದರೆ ಸುಮಾರು 4000 ಚದರ ಮೀಟರ್ ಪ್ಲಾಸ್ಟಿಕ್. ಅದರ ಮೇಲೆ 10 ಮಿ.ಮೀ. ಮಳೆ ಬಿದ್ದರೆ 40,000 ಲೀಟರ್. ಇಸಿ ಸೊನ್ನೆಗೆ ಹತ್ತಿರ, ಬೈಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಗಟರ್ ಕಟ್ಟಿಸಿ, ಅದರ ನೀರನ್ನು ಚರಂಡಿಗೆ ಬಿಟ್ಟು, ಪಕ್ಕದಲ್ಲೇ 1200 ಅಡಿಗೆ ಬೋರ್ ಕೊರೆಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಟಾರ್ಪಲ್ ಹಾಸಿದ ಕೃಷಿಹೊಂಡಕ್ಕೆ ಆ ನೀರು ಇಳಿಸಿ, ಬೋರ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೂ ಸಾಕು, ಗೊಬ್ಬರಕ್ಕೆ ಜಾಗ ಸಿಗುತ್ತದೆ.

ಪಾಲಿಹೌಸ್ ಒಳಗೆ ಮಳೆ ಬೀಳುವುದಿಲ್ಲ ಎನ್ನುವುದನ್ನೂ ಮರೆಯುವಂತಿಲ್ಲ. ಹೊಲದಲ್ಲಿ ಹೆಚ್ಚಾದದ್ದನ್ನು ಮುಂಗಾರು ತೊಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಟ್ಟದ್ದೆಲ್ಲ ಬೆಡ್ಡಿನಲ್ಲೇ ಕೂರುತ್ತದೆ. ಮಲ್ಚಿಂಗ್ ಹಾಳೆ ಎತ್ತಿ ಬೆಡ್ಡಿನ ಅಂಚು ನೋಡಿ. ತೇವ ಮುಗಿದು ಒಣಗು ಶುರುವಾಗುವ ಗೆರೆಯಲ್ಲೇ ಬಿಳಿ ಉಪ್ಪು ಕಟ್ಟಿರುತ್ತದೆ.

ಇನ್ನು ಗೊಬ್ಬರ ಬೆರೆಸುವ ವಿಷಯ. ಎ ಟ್ಯಾಂಕ್, ಬಿ ಟ್ಯಾಂಕ್ ಎಂದು ಎರಡು ಇಡುವುದು ಶೋಕಿಗಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಎ ಟ್ಯಾಂಕಿಗೆ. ಮೆಗ್ನೀಷಿಯಂ ಸಲ್ಫೇಟ್, 0-0-50, 0-52-34 ಎಲ್ಲ ಬಿ ಟ್ಯಾಂಕಿಗೆ. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿದರೆ ಜಿಪ್ಸಮ್ ಆಗುತ್ತದೆ, ಜಿಪ್ಸಮ್ ಲೀಟರಿಗೆ ಎರಡೂವರೆ ಗ್ರಾಂ ಕರಗಿದರೆ ಹೆಚ್ಚು. ಡ್ರಿಪ್ ಪೈಪಿನಲ್ಲಿ ನೂರು ಪಟ್ಟು ತೆಳುವಾಗಿ ಹರಿಯುವಾಗ ಇಬ್ಬರೂ ಜಗಳವಾಡುವುದಿಲ್ಲ, ಗಟ್ಟಿ ದ್ರಾವಣದಲ್ಲಿ ಮುಖಾಮುಖಿಯಾದರೆ ತಳಕ್ಕೆ ಇಳಿಯುತ್ತಾರೆ. ನಂಬಿಕೆ ಬಾರದಿದ್ದರೆ ಹಳೆಯ ಗಾಜಿನ ಬಾಟಲಿಯೊಂದರಲ್ಲಿ ಎರಡನ್ನೂ ಗಟ್ಟಿಯಾಗಿ ಕಲಸಿ ಬೆಳಕಿಗೆ ಹಿಡಿಯಿರಿ: ತಿಳಿಯಾಗಿದ್ದ ಎರಡು ನೀರೂ ಸೇರಿ ಮಜ್ಜಿಗೆಯಾಗಿರುತ್ತವೆ. ಡ್ರಿಪ್ಪರ್ ಕಟ್ಟಿಕೊಳ್ಳಲು ಇದೂ ಒಂದು ಕಾರಣ. ಹೊಸ ಗೊಬ್ಬರ ತಂದಾಗಲೆಲ್ಲ ಈ ಬಾಟಲಿ ಪರೀಕ್ಷೆ ಮಾಡುವುದು ನನ್ನ ಅಭ್ಯಾಸ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ.

13-0-45 ಕರಗಿಸುವಾಗ ಬಕೆಟ್ಟನ್ನು ಮುಟ್ಟಿ ನೋಡಿ. ಪೊಟ್ಯಾಸಿಯಂ ನೈಟ್ರೇಟ್ ಕರಗುತ್ತಾ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಬಕೆಟ್ ತಣ್ಣಗಾಗಿ ಹೊರಮೈ ಬೆವರಿದರೂ ಬೆವರೀತು. 20 ಡಿಗ್ರಿಯಲ್ಲಿ ಲೀಟರಿಗೆ 300 ಗ್ರಾಂ ದಾಟಿ ಕರಗುವ ಇದು 10 ಡಿಗ್ರಿಗೆ ಇಳಿದರೆ 200ರ ಆಸುಪಾಸಿಗೆ ನಿಲ್ಲುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಆಳು ಎಷ್ಟು ತಿರುಗಿಸಿದರೂ ತಳದಲ್ಲಿ ಹರಳು ಉಳಿದರೆ ತಪ್ಪು ಅವನದಲ್ಲ. ಮಧ್ಯಾಹ್ನ ಕರಗಿಸಿಡಿ.

ಕೊಡುವ ಸಾಧನದ ಬಗ್ಗೆ ಬೇಕಾದಷ್ಟು ವ್ಯಾಪಾರ ನಡೆಯುತ್ತದೆ. ಹೆಚ್ಚಿನವರ ಹತ್ತಿರ ಇರುವುದು ವೆಂಚುರಿ. ಇಟಲಿಯ ಜೊವಾನ್ನಿ ಬತ್ತಿಸ್ತಾ ವೆಂಚುರಿ 1797ರಲ್ಲಿ ಪ್ರಕಟಿಸಿದ ತತ್ವ: ಕಿರಿದಾದ ಕುತ್ತಿಗೆಯಲ್ಲಿ ನೀರಿನ ವೇಗ ಏರಿದರೆ ಒತ್ತಡ ಇಳಿಯುತ್ತದೆ, ಆ ಇಳಿತವೇ ಬಕೆಟ್ಟಿನ ಗೊಬ್ಬರವನ್ನು ಎಳೆಯುತ್ತದೆ. ಅಗ್ಗ, ಕೆಡುವ ಭಾಗಗಳಿಲ್ಲ, ಕರೆಂಟೂ ಬೇಡ. ಆದರೆ ಪಂಪಿನ ವೋಲ್ಟೇಜ್ ಏರಿಳಿದರೆ ಎಳೆತವೂ ಏರಿಳಿಯುತ್ತದೆ. ನಿನ್ನೆ 20 ನಿಮಿಷದಲ್ಲಿ ಖಾಲಿಯಾದ ಬಕೆಟ್ ಇಂದು 35 ನಿಮಿಷ ತೆಗೆದುಕೊಂಡರೆ ಗಿಡಕ್ಕೆ ಹೋದ ಸಾಂದ್ರತೆಯೂ ಬದಲಾಗಿದೆ ಎಂದರ್ಥ. ಗೊಬ್ಬರದ ಕಬ್ಬಿಣದ ಟ್ಯಾಂಕ್ ಇನ್ನೂ ಒರಟು: ಮೊದಲ ನಿಮಿಷಗಳಲ್ಲಿ ಗಟ್ಟಿ, ಆಮೇಲೆ ನೀರುನೀರು. ಕೆಂಪುಮಣ್ಣಿನ ಬೆಡ್ಡಿಗೆ ಇವೆಲ್ಲ ನಡೆಯುತ್ತವೆ, ಮಣ್ಣು ತಾಳಿಕೊಳ್ಳುತ್ತದೆ. ಕೊಕೊಪೀಟ್ ಚೀಲದಲ್ಲಿ ಬೆಳೆಯುವವರು ಮಾತ್ರ ನೀರಿನ ಹರಿವಿಗೆ ತಕ್ಕಂತೆ ಅಳೆದು ಬಿಡುವ ಡೋಸರ್‌ಗೆ ದುಡ್ಡು ಹಾಕಲೇಬೇಕು. ಕಂಪ್ಯೂಟರ್ ಇಟ್ಟ ಯಂತ್ರ ಅದಕ್ಕಿಂತ ಮೇಲು ನಿಜ, ಆದರೆ ಅದರ ಪಿಎಚ್ ಕಡ್ಡಿಯನ್ನು ತೊಳೆದು ಸರಿಪಡಿಸುವ ಶ್ರದ್ಧೆ ಇಲ್ಲದವರಿಗೆ ನಾನದನ್ನು ಹೇಳುವುದಿಲ್ಲ.

ಮಾರ್ಚ್ ಬಿಸಿಲಿಗೆ ಕ್ಯಾಪ್ಸಿಕಂ ತುದಿ ಕೊಳೆತರೆ ಎಲ್ಲರೂ ಕ್ಯಾಲ್ಸಿಯಂ ಹೆಚ್ಚಿಸುತ್ತಾರೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಹಿಂದೆ ಹೋಗುತ್ತದೆ, ನೀರು ಹೆಚ್ಚು ಆವಿಯಾಗುವುದು ಎಲೆಯಲ್ಲಿ, ಕಾಯಿಗೆ ಉಳಿಕೆ. ಮೂರು ದಿನಕ್ಕೊಮ್ಮೆ ಧಾರಾಳವಾಗಿ ಹರಿಸುವುದನ್ನು ಬಿಟ್ಟು ದಿನಾ ಸ್ವಲ್ಪಸ್ವಲ್ಪ ಕೊಟ್ಟು ನೋಡಿ, ಗೊಬ್ಬರದ ಚೀಟಿ ಆಮೇಲೆ ತಿದ್ದಿದರಾಯಿತು.

ಪ್ರತಿ ಸಲವೂ ಮೊದಲು ಬರೀ ನೀರು, ಲೈನಿನ ಒತ್ತಡ ಕೂತ ಮೇಲೆ ಗೊಬ್ಬರ, ಕೊನೆಗೆ ಮತ್ತೆ ಬರೀ ನೀರು, ಪೈಪಿನಲ್ಲಿ ಗೊಬ್ಬರ ನಿಲ್ಲದಷ್ಟು ಹೊತ್ತು. ವಾರಕ್ಕೊಮ್ಮೆ ಲ್ಯಾಟರಲ್‌ಗಳ ತುದಿ ಬಿಚ್ಚಿ ಬರುವ ನೀರನ್ನು ಬಿಳಿ ಮಗ್ಗಿನಲ್ಲಿ ಹಿಡಿಯಿರಿ. ಬಿಳಿ ಪುಡಿ ಕಂಡರೆ ಸುಣ್ಣ, ಆಮ್ಲದ ಲೆಕ್ಕ ತಪ್ಪಿದೆ. ತುಕ್ಕಿನ ಬಣ್ಣವಾದರೆ ಬೋರಿನ ಕಬ್ಬಿಣ. ಹಸಿರು ಲೋಳೆಯಾದರೆ ಟ್ಯಾಂಕಿಗೆ ಬಿಸಿಲು ಬೀಳುತ್ತಿದೆ, ಇವತ್ತೇ ಮುಚ್ಚಳ ಹುಡುಕಿ.